ಕಿರ್ಕ್ ಫ್ರಾಂಕ್ಲಿನ್ ಹಾಡೋದೇ ಇಲ್ಲ, ಆದ್ರೂ ಯಾಕೆ ಅಷ್ಟು ದೊಡ್ಡ ಗಾಸ್ಪೆಲ್ ಸ್ಟಾರ್?

'ತನ್ನ ಹಾಡಲ್ಲೇ ಹಾಡಲ್ಲ, ಮಧ್ಯೆ ಮಧ್ಯೆ ಕೂಗ್ತಾನೆ ಅಷ್ಟೆ, ಆದ್ರೂ ದೊಡ್ಡ ದೊಡ್ಡೋರೆಲ್ಲ ಇವನ ಜೊತೆ ಯಾಕೆ ಸೇರ್ತಾರೆ' ಅಂತ ಕೇಳಿದೀರ. (ಗಾಸ್ಪೆಲ್ ಅಂದ್ರೆ ಅಮೆರಿಕದ ಕಪ್ಪು ಜನರ ಚರ್ಚುಗಳ ಭಕ್ತಿ ಸಂಗೀತ.) ಡೌಟು ಸರಿಯಾಗೇ ಇದೆ, ನಂಗೂ ಮೊದ್ಲು ಹಂಗೇ ಅನ್ಸಿತ್ತು.

ನಾನು ಚರ್ಚ್ ಕ್ವಾಯರಲ್ಲಿ (ಒಟ್ಟಿಗೆ ಹಾಡೋ ಗುಂಪಲ್ಲಿ) ಕೀಬೋರ್ಡ್ ನುಡಿಸೋನು. ಭಜನೇಲಿ ಮುಂದೆ ಕೂತು ಸಾಲು ಹೇಳ್ಕೊಟ್ಟು, ತಾಳ ತಟ್ಟಿ, ಎಲ್ರನ್ನೂ ಎಬ್ಬಿಸೋರು ಒಬ್ರು ಇರ್ತಾರಲ್ಲ, ಅವ್ರ ಗಂಟಲು ಎಷ್ಟೇ ಕೆಟ್ಟಿರಲಿ, ಅವ್ರು ಬರ್ಲಿಲ್ಲ ಅಂದ್ರೆ ಭಜನೆ ಏಳೋದೇ ಇಲ್ಲ. ಕಿರ್ಕ್ ಅಂಥೋನು. ನೀವು ಕೂಗು ಅಂತಿರೋದು ಸುಮಾರು ಸಲ ಮುಂದಿನ ಸಾಲು, ಕ್ವಾಯರ್ ಹಾಡೋಕೆ ಅರ್ಧ ಸೆಕೆಂಡ್ ಮುಂಚೆ ಎತ್ತಿಕೊಡ್ತಾನೆ. ಬರೆಯೋದು, ಅರೇಂಜ್ ಮಾಡೋದು, ಪಿಯಾನೋ ಎಲ್ಲ ಅವನದೇ. ಗಾಸ್ಪೆಲ್ ಕ್ವಾಯರಲ್ಲಿ ಸಾಮಾನ್ಯವಾಗಿ ಸೊಪ್ರಾನೊ (ಹೆಂಗಸರ ಮೇಲಿನ ದನಿ), ಆಲ್ಟೊ (ಹೆಂಗಸರ ಕೆಳಗಿನ ದನಿ), ಟೆನರ್ (ಗಂಡಸರ ಮೇಲಿನ ದನಿ) ಅಂತ ಮೂರೇ ಪಾರ್ಟು, ಕೆಳಗಿನ ಜಾಗ ಬೇಸ್ ಗಿಟಾರ್‌ಗೆ ಬಿಟ್ಟಿರ್ತಾರೆ, ಅದಕ್ಕೇ ಅಷ್ಟು ಜನ ಹಾಡಿದ್ರೂ ಗೊಜ್ಜು ಗೊಜ್ಜಾಗಲ್ಲ.

ಕಿರ್ಕ್ ಊರು ಟೆಕ್ಸಾಸ್‌ನ ಫೋರ್ಟ್ ವರ್ತ್. ಸಾಕಿದ ಗರ್ಟ್ರೂಡ್ ಆಂಟಿ ಹಳೇ ಡಬ್ಬ ಆಯ್ದು ಮಾರಿ ಪಿಯಾನೋ ಕ್ಲಾಸಿಗೆ ದುಡ್ಡು ಕಟ್ಟಿದ್ರು, ಹುಡುಗ 11ನೇ ವಯಸ್ಸಿಗೆ ಚರ್ಚ್ ಕ್ವಾಯರ್ ನಡೆಸ್ತಿದ್ದ. 1993ರಲ್ಲಿ ಮೊದಲ ಆಲ್ಬಮ್. ಆದ್ರೆ ನಿಜವಾದ ಗಲಾಟೆ 1997ರ 'ಸ್ಟಾಂಪ್' ಹಾಡಿಂದು: ಗಾಡ್ಸ್ ಪ್ರಾಪರ್ಟಿ ಅನ್ನೋ ಹುಡುಗರ ಕ್ವಾಯರು, ಕೆಳಗೆ ಅಮೆರಿಕದ ಬ್ಯಾಂಡ್ ಫಂಕಡೆಲಿಕ್‌ನ ಹಳೇ ಫಂಕ್ (ಕುಣಿಸೋ ಮ್ಯೂಸಿಕ್) ಟ್ಯೂನು, ನಡುವೆ ಹುಡುಗೀರ ರ‍್ಯಾಪ್ ಗುಂಪು ಸಾಲ್ಟ್-ಎನ್-ಪೆಪಾದ ಸಾಲ್ಟ್ ರ‍್ಯಾಪು, ಎಂಟಿವಿಲೂ ಓಡ್ತು, ಡಿಸ್ಕೋನ ದೇವರ ಮನೆಗೆ ತಂದ ಅಂತ ಎಷ್ಟೋ ಚರ್ಚಿನವ್ರು ಮುಖ ಸಿಂಡರಿಸಿದ್ರು. ನಂಗೆ ಆ ಸಿಟ್ಟು ಚೆನ್ನಾಗಿ ಗೊತ್ತು, ಒಂದು ಕ್ರಿಸ್ಮಸ್ಸಿಗೆ ಹಳೇ ಕೀರ್ತನೆ ಕೆಳಗೆ ಡ್ರಮ್ ಲೂಪ್ ಹಾಕಿದ್ದಕ್ಕೆ ಸಭೆಯ ಹಿರಿಯರೊಬ್ರು ಪ್ರಾರ್ಥನೆ ಮುಗಿಯೋಷ್ಟ್ರಲ್ಲಿ ಬಂದು ಪ್ಲಗ್ಗೇ ಕಿತ್ತಿದ್ರು😅

ಕಿರ್ಕ್ ಮಾಡಿದ 1998ರ 'ಲೀನ್ ಆನ್ ಮಿ' ಹಾಡಲ್ಲಿ ಯು2 ಬ್ಯಾಂಡಿನ ಬೊನೊ, ಗಾಯಕಿ ಮೇರಿ ಜೆ. ಬ್ಲೈಜ್ ಎಲ್ಲ ಇದಾರೆ (ಬಿಲ್ ವಿದರ್ಸ್ ಹಾಡಲ್ಲ ಅದು, ಹೆಸರು ಮಾತ್ರ ಒಂದೇ). 2016ರಲ್ಲಿ ರ‍್ಯಾಪರ್ ಕಾನ್ಯೆ ವೆಸ್ಟ್‌ನ 'ಅಲ್ಟ್ರಾಲೈಟ್ ಬೀಮ್' ಕೊನೇಲಿ ಬರೋ ದನಿಯೂ ಇವನದೇ, ಅಲ್ಲೂ ಹಾಡಲ್ಲ, ಪ್ರಾರ್ಥನೆ ಮಾಡ್ತಾನೆ! ಹಾಗಂತ ಈ ದಾರಿ ಇವನೇ ಕಡಿದಿದ್ದಲ್ಲ, ಗಾಸ್ಪೆಲ್ ಗಾಯಕ ಆಂಡ್ರೇ ಕ್ರೌಚ್ ಅವ್ರ ಕ್ವಾಯರು 80ರ ದಶಕದಲ್ಲೇ ಮೈಕಲ್ ಜಾಕ್ಸನ್‌ಗೂ ಮಡೋನಾಗೂ ಹಾಡಿತ್ತು. ವ್ಯತ್ಯಾಸ ಏನಂದ್ರೆ, ಅಲ್ಲಿ ಕ್ವಾಯರು ಸ್ಟಾರ್ ಮನೆಗೆ ಹೋಗಿದ್ದು, ಕಿರ್ಕ್ ಸ್ಟಾರ್‌ಗಳನ್ನ ಕ್ವಾಯರೊಳಗೆ ನಿಲ್ಲಿಸ್ದ.

ಈಗಿನ ಹುಡುಗರದ್ದು ಬೇಕಿದ್ರೆ ಅಟ್ಲಾಂಟಾದ ಮ್ಯಾವ್ರಿಕ್ ಸಿಟಿ ಅನ್ನೋ ಗುಂಪು ಕೇಳಿ, ಎಲಿವೇಶನ್ ವರ್ಶಿಪ್ ಅನ್ನೋ ಚರ್ಚ್ ಬ್ಯಾಂಡ್ ಜೊತೆ 2021ರಲ್ಲಿ 'ಜೈರೆ' ಹಾಡು ಮಾಡಿದ್ರು, ನಮ್ಮ ಬೈಬಲ್ಲಿನ ಯೆಹೋವ ಯೀರೆನೇ ಅದು. 2022ರಲ್ಲಿ ಅವರೂ ಕಿರ್ಕ್ ಜೊತೆ ಒಂದು ಲೈವ್ ಆಲ್ಬಮ್ ಮಾಡಿದ್ರು, ಗ್ರ್ಯಾಮಿನೂ ಬಂತು. ಅದನ್ನ ಹೆಡ್‌ಫೋನ್ ಹಾಕ್ಕೊಂಡು ಕೇಳ್ನೋಡಿ, ಅವನು ಒಂದು ಪದ ಕೂಗಿದ ತಕ್ಷಣ ಹಿಂದಿನ ಅಷ್ಟೂ ಜನ ಎಲ್ಲಿಗೆ ಹೋಗ್ತಾರೆ ಅಂತ.