ಮಗುವಾಗಿದ್ದಾಗ ತಲೆಗೆ ಸುರಿದ ನೀರು ಸಾಕಾ, ಮತ್ತೆ ಮುಳುಗಬೇಕಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನೀವು ಕ್ಯಾಥೊಲಿಕ್ ಮನೆಯವರು, ಕೈಗೂಸಾಗಿದ್ದಾಗಲೇ ಜ್ಞಾನಸ್ನಾನ, ಅಂದರೆ ನಾವು ದೀಕ್ಷಾಸ್ನಾನ ಅನ್ನುವ ಬ್ಯಾಪ್ಟಿಸಂ, ಆಗಿದೆ. ಕೆಲಸಕ್ಕೆ ಮಂಗಳೂರಿಗೆ ಬಂದಿದ್ದೀರಿ. ಆಫೀಸಿನ ಗೆಳೆಯನ ಜತೆ ಒಂದು ಪ್ರಾರ್ಥನಾ ಸಭೆಗೆ ಹೋಗಲು ಶುರು ಮಾಡಿದ್ದೀರಿ. ಅಲ್ಲಿ ಯಾರೋ "ಮಗುವಿಗೆ ಹಾಕಿದ ನೀರು ಲೆಕ್ಕಕ್ಕಿಲ್ಲ, ಮುಳುಗಿ ಏಳದಿದ್ದರೆ ರಕ್ಷಣೆ ಇಲ್ಲ" ಅಂದಿದ್ದಾರೆ. ಅವತ್ತಿನಿಂದ ನಿಮಗೆ ಸರಿಯಾಗಿ ನಿದ್ದೆ ಬರುತ್ತಿಲ್ಲ.

ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಹೆದರಿಕೊಂಡು ಎರಡನೇ ಸಲ ನೀರಿಗೆ ಇಳಿಯಬೇಡಿ. ಬೇರೆ ಕಾರಣ ಇದ್ದರೆ ಅದು ಬೇರೆ ಮಾತು.

ನಾನು ಪಾದ್ರಿ ಅಲ್ಲ. ಸ್ವಿಟ್ಜರ್‌ಲ್ಯಾಂಡಿನಿಂದ ಬಂದ ಬಾಸೆಲ್ ಮಿಷನ್ ಕಾಲದಿಂದ ಕ್ರೈಸ್ತರಾದ ಸಿಎಸ್‌ಐ (ದಕ್ಷಿಣ ಭಾರತದ ಪ್ರೊಟೆಸ್ಟಂಟ್ ಸಭೆ) ಕುಟುಂಬದವನು, ಸಂಡೇ ಸ್ಕೂಲಿನಲ್ಲಿ ದೊಡ್ಡ ಮಕ್ಕಳಿಗೆ ಪಾಠ ಮಾಡುತ್ತೇನೆ. ಅಕ್ಕನನ್ನು ಕ್ಯಾಥೊಲಿಕರ ಮನೆಗೆ ಕೊಟ್ಟಿದ್ದೇವೆ. ಚಿಕ್ಕಮ್ಮನ ಮಗ, ದೊಡ್ಡವರನ್ನು ಮುಳುಗಿಸಿಯೇ ದೀಕ್ಷಾಸ್ನಾನ ಕೊಡುವ ಪೆಂತೆಕೋಸ್ತ್ ಸಭೆಗೆ ಸೇರಿದ್ದಾನೆ. ಕ್ರಿಸ್ಮಸ್ಸಿಗೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರೆ, ಕುಸ್ವಾರ್ (ಹಬ್ಬದ ಸಿಹಿತಿಂಡಿ) ತಟ್ಟೆ ಖಾಲಿಯಾಗುವ ಮೊದಲು ಈ ವಿಷಯ ಬಂದೇ ಬರುತ್ತದೆ.

ನೀರಿಗೆ ಯಾಕೆ ಇಷ್ಟು ಬೆಲೆ? ಸ್ನಾನಿಕ ಯೋಹಾನ ಯೊರ್ದನ್ ಹೊಳೆಯಲ್ಲಿ ಜನರಿಗೆ ದೀಕ್ಷಾಸ್ನಾನ ಮಾಡಿಸುತ್ತಿದ್ದದ್ದು ಪಶ್ಚಾತ್ತಾಪದ ಗುರುತಾಗಿ. ಯೇಸು ತಾನೇ ಹೋಗಿ ಅದೇ ನೀರಿನಲ್ಲಿ ಇಳಿದ. ಆಮೇಲೆ ತನ್ನ ಶಿಷ್ಯರಿಗೆ, ಎಲ್ಲ ಜನರನ್ನೂ ಶಿಷ್ಯರನ್ನಾಗಿ ಮಾಡಿ, ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ದೀಕ್ಷಾಸ್ನಾನ ಕೊಡಿ ಎಂದು ಹೇಳಿ ಹೋದ. ಇದು ಮತ್ತಾಯನ ಸುವಾರ್ತೆಯ ಕೊನೆಯಲ್ಲಿದೆ. ಆಮೇಲೆ ಯೇಸುವಿನ ಸಂದೇಶ ಸಾರುತ್ತಾ ತಿರುಗಿದ ಪೌಲ ಇದಕ್ಕೆ ಇನ್ನೂ ಆಳವಾದ ಅರ್ಥ ಕೊಟ್ಟ. ರೋಮಾಪುರದವರಿಗೆ ಬರೆದ ಪತ್ರದ 6ನೇ ಅಧ್ಯಾಯ ಓದಿ. ನೀರಿಗೆ ಇಳಿಯುವುದು ಕ್ರಿಸ್ತನ ಜತೆ ಸತ್ತು ಹೂಣಲ್ಪಟ್ಟ ಹಾಗೆ, ಮೇಲೆ ಬರುವುದು ಅವನ ಜತೆ ಹೊಸ ಬದುಕಿಗೆ ಎದ್ದ ಹಾಗೆ. ಕೊಳೆ ತೊಳೆಯುವುದಕ್ಕಿಂತ ಇದು ದೊಡ್ಡದು. ಹಳೆಯ ಮನುಷ್ಯನಿಗೆ ಅಲ್ಲೇ ಸಮಾಧಿ.

ಈ ಅರ್ಥ ಮುಳುಗುವಾಗ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ನಿಜ. ಚಿಕ್ಕಮ್ಮನ ಮಗನ ದೀಕ್ಷಾಸ್ನಾನ ಕಲ್ಯಾಣಪುರದ ಹತ್ತಿರ ಸ್ವರ್ಣಾ ಹೊಳೆಯಲ್ಲಿ ಆಯಿತು. ಇಬ್ಬರು ಪಾಸ್ಟರುಗಳು ಸೊಂಟದ ಮಟ್ಟ ನೀರಿನಲ್ಲಿ ನಿಂತಿದ್ದರು. ಇವನ ಎರಡೂ ಕೈ ಎದೆಗೆ ಅಡ್ಡ ಕಟ್ಟಿಸಿ, ಒಬ್ಬರು ಬೆನ್ನಿಗೆ ಕೈ ಕೊಟ್ಟು, ಹಿಂದಕ್ಕೆ ಬಾಗಿಸಿ ಪೂರ್ತಿ ಮುಳುಗಿಸಿದರು. ಒಂದು ಕ್ಷಣ ಅವನ ತಲೆ ಕಾಣಲಿಲ್ಲ. ಎದ್ದಾಗ ಕೆಮ್ಮುತ್ತಾ, ನಗುತ್ತಾ, ಅಳುತ್ತಾ ಇದ್ದ. ದಡದಲ್ಲಿ ನಿಂತಿದ್ದ ಚಿಕ್ಕಮ್ಮ, ಇದೆಲ್ಲ ಬೇಡ ಅಂತ ತಿಂಗಳುಗಟ್ಟಲೆ ಜಗಳ ಮಾಡಿದವರು, ಟವಲ್ ಹಿಡಿದು ನೀರಿನ ತನಕ ಹೋದರು. ನನಗೂ ಮೈ ಜುಮ್ಮೆಂದಿತು. ಸುಳ್ಳು ಯಾಕೆ ಹೇಳಲಿ.

ಆದರೆ ನೀರು ಜಾಸ್ತಿ ಇದ್ದರೆ ದೀಕ್ಷಾಸ್ನಾನ ಜಾಸ್ತಿ ಆಗುತ್ತದಾ? ಮೊದಲ ಕಾಲದ ಕ್ರೈಸ್ತರಿಗೂ ಈ ಪ್ರಶ್ನೆ ಬಂದಿತ್ತು. ದಿದಾಖೆ ಎಂಬ ತುಂಬಾ ಹಳೆಯ ಕೈಪಿಡಿಯೊಂದು ಇದೆ, ಅಪೊಸ್ತಲರ, ಅಂದರೆ ಯೇಸು ಕಳಿಸಿದ ಮೊದಲ ಶಿಷ್ಯರ, ಕಾಲಕ್ಕೆ ತೀರಾ ಹತ್ತಿರದ್ದು. ಅದರ 7ನೇ ಅಧ್ಯಾಯ ಹೇಳುವುದು ಇಷ್ಟು: ಹರಿಯುವ ನೀರಿದ್ದರೆ ಅದರಲ್ಲಿ ಮಾಡಿ, ಇಲ್ಲದಿದ್ದರೆ ಬೇರೆ ನೀರು. ತಣ್ಣೀರು ಆಗದಿದ್ದರೆ ಬಿಸಿನೀರು. ಎರಡೂ ಸಾಲದಿದ್ದರೆ ತ್ರಿಯೇಕ ದೇವರ, ಅಂದರೆ ತಂದೆ, ಮಗ, ಪವಿತ್ರಾತ್ಮರ, ಹೆಸರಿನಲ್ಲಿ ತಲೆಯ ಮೇಲೆ ಮೂರು ಸಲ ಸುರಿಯಿರಿ. ಮುಳುಗಿಸುವುದೇ ಮೊದಲ ಆಯ್ಕೆ ಅಂತ ನಿಮ್ಮ ಗೆಳೆಯ ಹೇಳಿದರೆ ಒಪ್ಪಿಕೊಳ್ಳಿ. ಸುರಿದರೆ ಆಗಲೇ ಇಲ್ಲ ಅಂದರೆ ಒಪ್ಪಬೇಡಿ.

ಮಕ್ಕಳಿಗೆ ಕೊಡಬಹುದಾ ಅನ್ನುವುದು ಇದಕ್ಕಿಂತ ಕಷ್ಟದ ಪ್ರಶ್ನೆ. ಹೊಸ ಒಡಂಬಡಿಕೆಯಲ್ಲಿ ಲುದ್ಯಳು ಮನೆಯವರ ಜತೆ, ಫಿಲಿಪ್ಪಿಯ ಸೆರೆಮನೆಯ ಅಧಿಕಾರಿ ತನ್ನವರೆಲ್ಲರ ಜತೆ ದೀಕ್ಷಾಸ್ನಾನ ತೆಗೆದುಕೊಂಡದ್ದು ಇದೆ. ಆ ಮನೆಗಳಲ್ಲಿ ತೊಟ್ಟಿಲು ಇತ್ತಾ? ಬೈಬಲ್ ಹೇಳುವುದಿಲ್ಲ. ಸುಮಾರು 200ರ ಹೊತ್ತಿಗೆ ತೆರ್ತುಲಿಯನ್ ಎಂಬ ಆಫ್ರಿಕಾದ ಲೇಖಕ, ಚಿಕ್ಕ ಮಕ್ಕಳಿಗೆ ಇಷ್ಟು ಅವಸರ ಯಾಕೆ, ದೊಡ್ಡವರಾಗಲಿ ಎಂದು ಬರೆದ. ಅಂದರೆ ಆಗಲೇ ಮಕ್ಕಳಿಗೂ ಕೊಡುತ್ತಿದ್ದರು, ಅದನ್ನು ಪ್ರಶ್ನಿಸುವವರೂ ಇದ್ದರು. ಈ ಜಗಳ ನಿಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಹುಟ್ಟಿದ್ದಲ್ಲ. ಜ್ಯೂರಿಕ್‌ನಲ್ಲಿ 1525ರಲ್ಲಿ ದೊಡ್ಡವರಿಗೆ ಮತ್ತೆ ದೀಕ್ಷಾಸ್ನಾನ ಕೊಡಲು ಶುರು ಮಾಡಿದರು. ಅವರಲ್ಲಿ ಒಬ್ಬನಾದ ಫೆಲಿಕ್ಸ್ ಮಾಂಟ್ಜ್ ಎಂಬವನನ್ನು 1527ರಲ್ಲಿ ಅಲ್ಲಿನ ಹೊಳೆಯಲ್ಲೇ ಮುಳುಗಿಸಿ ಕೊಂದರು. ಕೊಂದವರೂ ಕ್ರೈಸ್ತರೇ. ನೆನೆದರೆ ನಾಚಿಕೆಯಾಗುತ್ತದೆ.

ನಮ್ಮ ಸಿಎಸ್‌ಐಯಲ್ಲಿ ಮಗುವಿಗೆ ನೀರು, ಬುದ್ಧಿ ಬಂದ ಮೇಲೆ ದೃಢೀಕರಣ. ಮಗು ನಂಬುವ ಮೊದಲೇ ದೇವರು ಅದನ್ನು ತನ್ನದು ಅನ್ನುತ್ತಾನೆ, ಮುಂದೆ ಮಗು ಬೆಳೆದು ತನ್ನ ಬಾಯಿಂದ ಹೌದು ಅನ್ನುತ್ತದೆ. ನಿಮ್ಮಲ್ಲೂ ಹೆಚ್ಚುಕಡಿಮೆ ಇದೇ ಯೋಚನೆ. ಪೆಂತೆಕೋಸ್ತಿನವರು, ಬ್ಯಾಪ್ಟಿಸ್ಟರು ಇದನ್ನು ತಿರುಗಿಸಿ ಕೇಳುತ್ತಾರೆ: ಮೊದಲು ನಂಬಿಕೆ, ಆಮೇಲೆ ನೀರು, ಅಲ್ವಾ? ಅವರ ವಾದವನ್ನು ಹಗುರವಾಗಿ ನೋಡಬೇಡಿ. ಹೆಸರಿಗೆ ದೀಕ್ಷಾಸ್ನಾನ ಮಾಡಿಸಿ, ಪಾರ್ಟಿ ಕೊಟ್ಟು, ಮತ್ತೆ ಚರ್ಚಿನ ಕಡೆ ತಲೆ ಹಾಕದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಬೊಟ್ಟು ಮಾಡಿ ತೋರಿಸುವಾಗ ಅವರ ಮಾತು ಚುಚ್ಚುತ್ತದೆ.

ಗೆಳೆಯ ನಿಮಗೆ ಅಪೊಸ್ತಲರ ಕೃತ್ಯಗಳು 19ನೇ ಅಧ್ಯಾಯ ತೋರಿಸಬಹುದು. ಎಫೆಸದಲ್ಲಿ ಪೌಲ ಕೆಲವು ಶಿಷ್ಯರಿಗೆ ಮತ್ತೆ ದೀಕ್ಷಾಸ್ನಾನ ಕೊಡಿಸಿದ ಕತೆ. ಸರಿಯಾಗಿ ಓದಿ. ಅವರಿಗೆ ಮೊದಲು ಆಗಿದ್ದದ್ದು ಯೋಹಾನನ ದೀಕ್ಷಾಸ್ನಾನ. ಪವಿತ್ರಾತ್ಮ ಇದ್ದಾನೆ ಅನ್ನುವುದನ್ನೇ ಅವರು ಕೇಳಿರಲಿಲ್ಲ. ನಿಮ್ಮದು ಹಾಗಲ್ಲ. ನಿಮ್ಮ ತಲೆಯ ಮೇಲೆ ನೀರು ಬಿದ್ದದ್ದು ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲೇ.

ಈಗ ರಕ್ಷಣೆಯ ವಿಷಯ. ನೀರಿನಿಂದಲೂ ಆತ್ಮನಿಂದಲೂ ಹುಟ್ಟದವನು ದೇವರ ರಾಜ್ಯ ಸೇರಲಾರ ಎಂದು ಯೇಸು ನಿಕೊದೇಮ ಎಂಬ ಯೆಹೂದ್ಯ ಮುಖಂಡನಿಗೆ ಹೇಳಿದ್ದು ಯೋಹಾನನ ಸುವಾರ್ತೆಯ 3ನೇ ಅಧ್ಯಾಯದಲ್ಲಿದೆ. ಕ್ಯಾಥೊಲಿಕ್ ಸಭೆ ಇದನ್ನು ಗಟ್ಟಿಯಾಗಿ ಹಿಡಿಯುತ್ತದೆ. ಆದರೂ ಅವರ ಧರ್ಮೋಪದೇಶವೇ ಇನ್ನೊಂದು ಮಾತು ಸೇರಿಸುತ್ತದೆ: ದೇವರು ರಕ್ಷಣೆಯನ್ನು ಜ್ಞಾನಸ್ನಾನಕ್ಕೆ ಕಟ್ಟಿದ್ದಾನೆ, ತಾನು ಮಾತ್ರ ಸಂಸ್ಕಾರಗಳಿಗೆ ಕಟ್ಟುಬಿದ್ದಿಲ್ಲ. ಜ್ಞಾನಸ್ನಾನಕ್ಕೆ ಕಾಯುತ್ತಾ ಸತ್ತವರನ್ನೂ, ಅದು ಆಗುವ ಮೊದಲೇ ನಂಬಿಕೆಗಾಗಿ ಪ್ರಾಣ ಕೊಟ್ಟವರನ್ನೂ ಅವರು ಹೊರಗೆ ಬಿಡುವುದಿಲ್ಲ. ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳನಿಗೆ ಯಾವ ಹೊಳೆಯೂ ಸಿಗಲಿಲ್ಲ, ಆದರೂ ಅವನಿಗೆ ಪರದೈಸು, ಅಂದರೆ ಸ್ವರ್ಗ, ಸಿಕ್ಕಿತು. ರೋಮಿನ ಶತಾಧಿಪತಿ ಕೊರ್ನೇಲ್ಯನ ಮನೆಯಲ್ಲಿ ಪವಿತ್ರಾತ್ಮ ಮೊದಲು ಇಳಿದ, ನೀರು ಆಮೇಲೆ ಬಂತು.

ಹಾಗಂತ ನೀರು ಸುಮ್ನೆ ಅಲಂಕಾರ ಅಂತ ಹೊರಟರೂ ತಪ್ಪು. ಕೊರ್ನೇಲ್ಯನಿಗೆ ಆತ್ಮ ಸಿಕ್ಕಿದೆ, ಇನ್ನು ನೀರು ಯಾಕೆ ಅಂತ ಅಲ್ಲಿಗೆ ಹೋಗಿದ್ದ ಯೇಸುವಿನ ಶಿಷ್ಯ ಪೇತ್ರ ಹೇಳಲಿಲ್ಲ. ಇವರಿಗೆ ನೀರು ಕೊಡಲು ಅಡ್ಡಿ ಮಾಡುವವರು ಯಾರು ಎಂದು ಕೇಳಿದ. ಕ್ವೇಕರರು, ಸಾಲ್ವೇಶನ್ ಆರ್ಮಿಯವರು ಎಂಬ ಕ್ರೈಸ್ತ ಪಂಗಡಗಳವರು ನೀರಿನ ದೀಕ್ಷಾಸ್ನಾನವನ್ನೇ ಮಾಡುವುದಿಲ್ಲ. ಅವರ ಸೇವೆಗೆ ನನ್ನ ನಮಸ್ಕಾರ ಇದೆ, ಈ ವಿಷಯದಲ್ಲಿ ಮಾತ್ರ ಅವರ ಜತೆ ನಾನಿಲ್ಲ. ಯೇಸು ಹೇಳಿದ್ದನ್ನು ಮಾಡುವ ಅವಕಾಶ ಇದ್ದೂ ಬೇಡ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಆ ನೀರಿಗೆ ಎಷ್ಟು ತೂಕ ಇತ್ತು ಅಂತ ಗೊತ್ತಾಗಬೇಕಾದರೆ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ನೆಲೆಯಾಗಿದ್ದ ಬಲ್ಮಠದ ಕಡೆ ಹೋದಾಗ ಈ ಕತೆಯನ್ನು ಒಮ್ಮೆ ನೆನಪಿಸಿಕೊಳ್ಳಿ. ಬಾಸೆಲ್ ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ. ಹತ್ತು ವರ್ಷ ಕಳೆದು 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಬ್ರಾಹ್ಮಣ ಯುವಕ ದೀಕ್ಷಾಸ್ನಾನ ತೆಗೆದುಕೊಂಡರು. ಊರಿನಲ್ಲಿ ದೊಡ್ಡ ಗದ್ದಲವೇ ಎದ್ದಿತು. ಆ ಮೊದಲೂ ಅವರು ಮಿಷನ್ ಶಾಲೆಯಲ್ಲಿ ಓದುತ್ತಿದ್ದರು, ಬೈಬಲ್ ಪಾಠ ಕೇಳುತ್ತಿದ್ದರು. ಅದನ್ನೆಲ್ಲ ಜನ ಹೇಗೋ ಸಹಿಸಿಕೊಂಡಿದ್ದರು. ನೀರು ಬಿದ್ದ ಮೇಲೆ ಮಾತ್ರ ಹಿಂದಿನ ದಾರಿ ಮುಚ್ಚಿತು. ಆಗ ಹೀಗೆ ಬಂದವರಲ್ಲಿ ಎಷ್ಟೋ ಮಂದಿಗೆ ಮನೆ, ಜಾತಿ, ಹೊಟ್ಟೆಪಾಡು ಎಲ್ಲ ಹೋಗುತ್ತಿತ್ತು. ಮಿಷನ್‌ನವರು ನೇಯ್ಗೆ ಮಗ್ಗ, ಜೆಪ್ಪುವಿನ ಹೆಂಚಿನ ಕಾರ್ಖಾನೆ ಅಂತ ಶುರು ಮಾಡಿದ್ದಕ್ಕೆ ಇದೂ ಒಂದು ಕಾರಣ. ಹೆಂಚಿನ ಮನೆ ನೋಡಿ ದೀಕ್ಷಾಸ್ನಾನ ಯಾರಿಗೆ ನೆನಪಾಗುತ್ತದೆ ಹೇಳಿ!

ಇನ್ನು ನಿಮ್ಮ ಕೈಯಲ್ಲಿರುವ ಕೆಲಸ. ಗೆಳೆಯನ ಸಭೆಯಲ್ಲಿ ಯಾವ ಹೆಸರಿನಲ್ಲಿ ದೀಕ್ಷಾಸ್ನಾನ ಕೊಡುತ್ತಾರೆ ಅಂತ ಕೇಳಿ. ಕೆಲವು ಸಭೆಗಳು ಯೇಸುವಿನ ಹೆಸರು ಮಾತ್ರ ಹೇಳುತ್ತವೆ, ತ್ರಿಯೇಕವನ್ನು ಒಪ್ಪುವುದಿಲ್ಲ. ಹಾಗಿದ್ದರೆ ನೀವು ದಾಟುತ್ತಿರುವುದು ನೀರಿನ ಪ್ರಶ್ನೆಗಿಂತ ದೊಡ್ಡ ಗೆರೆ.

ನಿಮ್ಮ ಊರಿನ ಚರ್ಚಿನ ಫಾದರ್ ಹತ್ತಿರವೂ ಮಾತಾಡಿ. ನಮ್ಮ ಅಕ್ಕನ ಮದುವೆ ಹೊತ್ತಿಗೆ ಅವಳನ್ನು ಮತ್ತೆ ನೀರಿಗೆ ಇಳಿಸುತ್ತಾರೆ ಅಂತ ಅಜ್ಜಿ ಕಂಗಾಲಾಗಿದ್ದರು. ಫಾದರ್ ನಮ್ಮ ಸಿಎಸ್‌ಐ ಚರ್ಚಿನ ದೀಕ್ಷಾಸ್ನಾನದ ಸರ್ಟಿಫಿಕೇಟ್ ಕೇಳಿದರು, ನೋಡಿದರು, ಫೈಲಿಗೆ ಹಾಕಿದರು. ಅಷ್ಟೇ. ನೀರು ಮತ್ತು ತ್ರಿಯೇಕ ದೇವರ ಹೆಸರು ಸರಿಯಿದ್ದರೆ ಬೇರೆ ಸಭೆಯದ್ದನ್ನೂ ಅವರು ಒಪ್ಪುತ್ತಾರೆ, ಇನ್ನೊಮ್ಮೆ ಕೊಡುವುದಿಲ್ಲ. ನಿಮ್ಮ ಹೆಸರೂ ನಿಮ್ಮ ಚರ್ಚಿನ ಜ್ಞಾನಸ್ನಾನದ ರಿಜಿಸ್ಟರಿನಲ್ಲಿ ಇರಬೇಕು. ಸಿಗದಿದ್ದರೆ ಆಗ ಸಾಕ್ಷಿಯಾಗಿ ನಿಂತಿದ್ದ ಜ್ಞಾನ ತಂದೆತಾಯಿಯನ್ನು (ಗಾಡ್‌ಪೇರೆಂಟ್ಸ್) ವಿಚಾರಿಸಿ. ಎಲ್ಲೂ ಆಧಾರ ಸಿಗದೆ, ಆಗಿದೆಯೋ ಇಲ್ಲವೋ ಎಂಬ ನಿಜವಾದ ಅನುಮಾನ ಉಳಿದರೆ ಅದಕ್ಕೂ ಅವರಲ್ಲಿ ಕ್ರಮ ಇದೆ: "ನಿನಗೆ ಮೊದಲೇ ಜ್ಞಾನಸ್ನಾನ ಆಗಿಲ್ಲದಿದ್ದರೆ" ಎಂಬ ಷರತ್ತು ಹೇಳಿಯೇ ನೀರು ಹಾಕುತ್ತಾರೆ.