ರಾತ್ರಿ ಕಿವಿ ಗುಂಯ್ ಅಂದರೆ ಮಳೆ ಸಪ್ಪಳ ಎಷ್ಟು ಜೋರಾಗಿ ಹಚ್ಚಬೇಕು?

ನೀವು ಕೇಳಿದ್ದಿಷ್ಟು: ಧಾರವಾಡದಲ್ಲಿ ಮನೆ, ವರ್ಷದಿಂದ ಎರಡೂ ಕಿವಿ ಗುಂಯ್ ಅನ್ನುತ್ತಿವೆ, ಡಾಕ್ಟರು ‘ಟಿನಿಟಸ್, ಗಾಬರಿ ಬೇಡ’ ಅಂದಿದ್ದಾರೆ. ಮಲಗುವಾಗ ಮೊಬೈಲಿನಲ್ಲಿ ಮಳೆ ಸಪ್ಪಳ ಜೋರಾಗಿ ಹಚ್ಚುತ್ತೀರಿ, ಬಂದ್ ಮಾಡಿದ ಕೂಡಲೇ ಮತ್ತೆ ಶುರು. ತಪ್ಪಿರುವುದು ಆ ‘ಜೋರಾಗಿ’ ಎನ್ನುವುದರಲ್ಲಿ.

ಗುಂಯ್ ಪೂರ್ತಿ ಮುಚ್ಚಿಹೋಗುವಷ್ಟು ಸಪ್ಪಳ ಹಚ್ಚಿದರೆ ಆ ಹೊತ್ತಿಗೆ ಹಾಯೆನಿಸುತ್ತದೆ, ನಿಜ. ಆದರೆ ಕಿವಿಗೇ ಬೀಳದ್ದನ್ನು ಲಕ್ಷ್ಯಕ್ಕೆ ತಗೊಳ್ಳದಿರಲು ಮೆದುಳು ಕಲಿಯುವುದು ಹೇಗೆ? ಗೋಡೆ ಗಡಿಯಾರದ ಟಿಕ್‌ಟಿಕ್ ನಮಗೆ ಕೇಳಿಸದಂತಾಗುವುದು ದಿನವೂ ಕೇಳಿ ಕೇಳಿಯೇ. ಹಾಗಾಗಿ ಹಿನ್ನೆಲೆ ಸಪ್ಪಳ ಗುಂಯ್‌ಗಿಂತ ತುಸು ಕಡಿಮೆ ಇರಬೇಕು, ಎರಡೂ ಒಟ್ಟಿಗೆ ಕೇಳಬೇಕು. ಟಿನಿಟಸ್ ಸಂಶೋಧಕ ಪಾವೆಲ್ ಜಾಸ್ಟ್ರೆಬಾಫ್ ರೂಪಿಸಿದ ಚಿಕಿತ್ಸಾ ಪದ್ಧತಿಯ ಮೂಲಸೂತ್ರವೇ ಹೀಗೆ ಕೇಳಿ ಕೇಳಿ ಆಗುವ ಈ ರೂಢಿ.

ಮೊಬೈಲನ್ನು ದಿಂಬಿನ ಕೆಳಗೆ ಇಡಬೇಡಿ, ಒಂದು ಮೀಟರ್ ದೂರದ ಟೇಬಲ್ ಮೇಲಿಡಿ. ಮಲಗಿಕೊಂಡೇ ವಾಲ್ಯೂಮ್ ಸೊನ್ನೆಯಿಂದ ಒಂದೊಂದೇ ಪಾಯಿಂಟ್ ಏರಿಸಿ. ಗುಂಯ್‌ನ ಅಂಚು ಮಳೆಯಲ್ಲಿ ಕಲೆಯತೊಡಗಿದ ಕಡೆ ನಿಲ್ಲಿಸಿ, ಅಲ್ಲಿಂದ ಒಂದು ಪಾಯಿಂಟ್ ಇಳಿಸಿ. ಆಮೇಲೆ ಬೆಳಗಿನತನಕ ಮುಟ್ಟಬೇಡಿ. ವಾರದಿಂದ ವಾರಕ್ಕೆ ಏರಿಸುತ್ತಲೇ ಹೋಗುತ್ತಿದ್ದರೆ ನೀವು ಮತ್ತೆ ಮುಚ್ಚಲು ಹೊರಟಿದ್ದೀರಿ.

ಸಪ್ಪಳ ಏಕಸಮ ಇರಲಿ. ನಮ್ಮ ಆಷಾಢದ ಜಿಟಿಜಿಟಿ ಮಳೆಯಂಥದ್ದು ಆದೀತು. ನಡುನಡುವೆ ಗುಡುಗುವ ರೆಕಾರ್ಡಿಂಗ್ ಬೇಡ. ಹಾಡು, ಮಾತು ರಾತ್ರಿಗೆ ಆಗಿಬರುವುದಿಲ್ಲ, ಮನಸ್ಸು ಅರ್ಥದ ಬೆನ್ನು ಹತ್ತುತ್ತದೆ. ಹಗಲು ಅಡುಗೆಮನೆಯಲ್ಲಿ ಧಾರವಾಡ ಆಕಾಶವಾಣಿ ಸಣ್ಣಗೆ ಇದ್ದರೆ ಅಡ್ಡಿಯಿಲ್ಲ. ಈಗ ಎಲ್ಲರೂ ‘ಬ್ರೌನ್ ನಾಯ್ಸ್’ ಹಚ್ಚಿ ಅನ್ನುತ್ತಾರೆ. ಅದರಲ್ಲಿ ಇರುವುದೆಲ್ಲ ದಪ್ಪ ದನಿ, ಮೊಬೈಲಿನ ಪುಟ್ಟ ಸ್ಪೀಕರ್‌ಗೆ ಆ ದನಿ ಹೊರಡುವುದೇ ಇಲ್ಲ. ಬರೇ ಮೊಬೈಲ್ ಇದ್ದರೆ ಮಳೆ ಅಥವಾ ದಪ್ಪ, ತೆಳು ದನಿ ಎರಡೂ ಇರುವ ‘ಪಿಂಕ್ ನಾಯ್ಸ್’ ವಾಸಿ.

ಕೆಡುವುದು ಸಣ್ಣ ಸಣ್ಣ ಕಾರಣಕ್ಕೆ. ಯೂಟ್ಯೂಬ್ ಆದರೆ ನಡುರಾತ್ರಿ ಜಾಹೀರಾತು ಕಿರುಚುತ್ತದೆ. ಹತ್ತು ನಿಮಿಷದ ಫೈಲು ತಿರುತಿರುಗಿ ಬರುವಾಗ ಜೋಡಣೆಯಲ್ಲಿ ಅರೆಕ್ಷಣ ತಡೆಯುತ್ತದೆ, ಎರಡನೇ ರಾತ್ರಿಯಿಂದ ಕಿವಿ ಆ ತಡೆಯನ್ನೇ ಕಾಯುತ್ತದೆ. ಬ್ಲೂಟೂತ್ ಸ್ಪೀಕರ್ ಎರಡು ಗಂಟೆಗೆ ‘ಬ್ಯಾಟರಿ ಲೋ’ ಅಂತ ಕೂಗುತ್ತದೆ. ಎಂಟು ತಾಸಿನ ಫೈಲ್ ಡೌನ್‌ಲೋಡ್ ಮಾಡಿ, ಏರೋಪ್ಲೇನ್ ಮೋಡ್‌ಗೆ ಹಾಕಿ, ಚಾರ್ಜರ್‌ಗೆ ಹಚ್ಚಿಡಿ. ಐಫೋನ್ ಇದ್ದರೆ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿಯಲ್ಲಿ ‘ಬ್ಯಾಕ್‌ಗ್ರೌಂಡ್ ಸೌಂಡ್ಸ್’ ಮೊದಲೇ ಇದೆ.

ಖರ್ಚಿಲ್ಲದ ಉಪಾಯ ಫ್ಯಾನು. ಬೇಸಿಗೆಯಲ್ಲಿ ಹೇಗೂ ತಿರುಗುತ್ತಿರುತ್ತದೆ; ಧಾರವಾಡದ ಚಳಿಗಾಲದಲ್ಲಿ ಅದು ಬಂದ್ ಆದಾಗಲೇ ಗುಂಯ್ ಎದ್ದು ಕೇಳುತ್ತದೆ, ಜನ ‘ಥಂಡಿಗೆ ಜಾಸ್ತಿ ಆತು’ ಅಂದುಕೊಳ್ಳುತ್ತಾರೆ. ಟೇಬಲ್ ಫ್ಯಾನನ್ನು ಗೋಡೆಗೆ ಮುಖ ಮಾಡಿ ಹಚ್ಚಿ: ಗಾಳಿ ಮೈಗೆ ಹೊಡೆಯುವುದಿಲ್ಲ, ಸಪ್ಪಳ ಇರುತ್ತದೆ. ಗುಂಡಿ ತಿರುವಿ ವೇಗ ಇಳಿಸುವ ಕೆಲವು ರೆಗ್ಯುಲೇಟರ್‌ಗಳಲ್ಲಿ ಮೋಟರೇ ‘ಹುಂ’ ಅನ್ನುತ್ತದೆ. ಅಂಥದ್ದಿದ್ದರೆ ಪೂರ್ತಿ ವೇಗದಲ್ಲೇ ಬಿಟ್ಟು ದೂರ ಸರಿಸಿ. ಕರೆಂಟ್ ಹೋದಾಗ ಫ್ಯಾನು ನಿಂತು ಏಕಾಏಕಿ ಮೌನ ಕವಿಯುವುದೇ ಎಚ್ಚರ ಮಾಡಿಸುತ್ತದೆ ನೋಡ್ರಿ. ಅದಕ್ಕೇ ಫ್ಯಾನಿನ ಜೊತೆ ಮೊಬೈಲಿನ ಸಪ್ಪಳವೂ ಸಣ್ಣಗೆ ಇರಲಿ.

ಇಯರ್‌ಫೋನ್ ಹಾಕಿಕೊಂಡು ಮಲಗಬೇಡಿ. ಕಿವಿ ಮುಚ್ಚಿದಷ್ಟೂ ಒಳಗಿನದು ಎದ್ದು ಕೇಳುತ್ತದೆ. ಹಾಗಂತ ಹುಬ್ಬಳ್ಳಿ ಗಣಪತಿ ಮೆರವಣಿಗೆಯ ಡಿಜೆ ಮುಂದೆ, ಬೆಟಗೇರಿಯ ಪವರ್‌ಲೂಮ್ ನಡುವೆ ಬರಿಗಿವಿಯಲ್ಲಿ ನಿಲ್ಲುವುದೂ ಬೇಡ. ಫೋಮ್ ಪ್ಲಗ್ಗನ್ನು ತೆಳ್ಳಗೆ ಹೊಸೆದು, ಕಿವಿಯ ಮೇಲ್ತುದಿ ಮೇಲಕ್ಕೂ ಹಿಂದಕ್ಕೂ ಎಳೆದು ತೂರಿಸಿ, ಅದು ಉಬ್ಬುವತನಕ ಅರ್ಧ ನಿಮಿಷ ಬೆರಳಿಂದ ಒತ್ತಿಹಿಡಿಯಿರಿ. ಹೊರಗೆ ಬಂದ ಮೇಲೆ ತೆಗೆದುಬಿಡಿ. ದಿನವಿಡೀ ಇಟ್ಟುಕೊಂಡರೆ ಪಾತ್ರೆ ಸಪ್ಪಳವೂ ಚುಚ್ಚತೊಡಗುತ್ತದೆ. ಬಳ್ಳೊಳ್ಳಿ ಕಾಸಿದ ಎಣ್ಣೆ ಯಾರು ಹೇಳಿದರೂ ಹಾಕಬೇಡಿ: ಕಿವಿತಮಟೆಯಲ್ಲಿ ತೂತಿದ್ದರೆ ಅದು ಒಳಗಿಳಿದು ಸೋಂಕಾಗಬಹುದು.

ಪಿಟಿಎ, ಅಂದರೆ ಕಿವಿ ಎಷ್ಟು ಕೇಳುತ್ತದೆ ಎಂದು ಅಳೆಯುವ ಪರೀಕ್ಷೆ, ಆಗಿದೆಯೋ ಇಲ್ಲವೋ ನೀವು ಬರೆದಿಲ್ಲ. 250ರಿಂದ 8000 ಹರ್ಟ್ಸ್‌ವರೆಗೆ ಒಂದೊಂದೇ ದನಿ ಕೇಳಿಸಿ ನೋಡುತ್ತಾರೆ. ವರದಿಯ ಗ್ರಾಫಿನಲ್ಲಿ 4000ದ ಹತ್ತಿರ ಗೆರೆ ತಗ್ಗಿಳಿದಿದ್ದರೆ ಹೆಚ್ಚಾಗಿ ಗದ್ದಲದಿಂದಾದ ಪೆಟ್ಟು. ಧಾರವಾಡದ ಜೆಎಸ್‌ಎಸ್ ವಾಕ್ ಶ್ರವಣ ಸಂಸ್ಥೆ, ಹುಬ್ಬಳ್ಳಿ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಯ ಇಎನ್‌ಟಿ ವಿಭಾಗ ನಿಮಗೆ ಹತ್ತಿರ. ಕೇಳುವುದು ಕಡಿಮೆಯಾಗಿದ್ದರೆ ಮೊದಲು ಹಿಯರಿಂಗ್ ಏಡ್: ಹೊರಗಿನ ಸಪ್ಪಳ ಸರಿಯಾಗಿ ಒಳಗೆ ಬಂದರೆ ಎಷ್ಟೋ ಜನರಿಗೆ ಗುಂಯ್ ಹಿಂದೆ ಸರಿಯುತ್ತದೆ. ಒಂದೇ ಕಿವಿಯಲ್ಲಿ ಶುರುವಾದರೆ, ನಾಡಿ ಬಡಿತದ ತಾಳಕ್ಕೆ ಹೊಡೆದುಕೊಂಡರೆ, ತಲೆ ತಿರುಗಿದರೆ ಮತ್ತೆ ತೋರಿಸಿ. ಏಕಾಏಕಿ ಒಂದು ಕಿವಿ ಕೇಳದಾದರೆ ಮರುದಿನದತನಕವೂ ಕಾಯಬೇಡಿ. ಸ್ಟಿರಾಯ್ಡ್ ಬೇಗ ಶುರುವಾದಷ್ಟೂ ಕಿವಿ ಉಳಿಯುವ ಸಾಧ್ಯತೆ ಹೆಚ್ಚು.

ಹಿನ್ನೆಲೆ ಸಪ್ಪಳದ ರೂಢಿಗೆ ಕೆಲವು ತಿಂಗಳು ಹಿಡಿಯುತ್ತದೆ, ಕೆಲವರಿಗೆ ಒಂದೂವರೆ ವರ್ಷ. ‘ಇವತ್ತು ಎಷ್ಟಿದೆ’ ಅಂತ ದಿನಾ ಕಿವಿಗೊಟ್ಟು ಅಳೆಯುತ್ತ ಕೂತರೆ ಇನ್ನೂ ತಡ.