ಅಜ್ಜನ ಎರಡು ಕಾಗದಗಳು: ಲೇಖಕರೊಬ್ಬರಿಗೆ ಉತ್ತರ

ಪ್ರಿಯರೇ,

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಪ್ರಕಟಿಸಲಾರೆ. 1971ರ ಯುದ್ಧಕ್ಕೆ ಹೋದ ಸೈನಿಕ, ಉಡುಪಿ ಬಳಿಯ ಶಂಕರಪುರದ ತವರಿನಲ್ಲಿ ಹಸುಗೂಸಿನೊಂದಿಗೆ ಕಾದಿರುವ ಹೆಂಡತಿ, ಡಿಸೆಂಬರಿನಲ್ಲಿ ಇಬ್ಬರ ನಡುವೆ ಓಡಾಡುವ ಹನ್ನೊಂದು ಪತ್ರಗಳು, ಕೊನೆಗೆ ಸತ್ತವನ ಕಿಸೆಯಲ್ಲಿ ಸಿಗುವ ಹನ್ನೆರಡನೆಯದು. ನಿಮ್ಮ ಕನ್ನಡ ಚೆನ್ನಾಗಿದೆ. ಆದರೆ ಆ ಹನ್ನೆರಡರಲ್ಲಿ ಒಂದು ಪತ್ರವನ್ನೂ ನಾನು ನಂಬಲಿಲ್ಲ.

ನಂಬಿದ್ದು, ನೀವು ಕಥೆಯ ಹಿಂದೆ ಪಿನ್ನು ಹಾಕಿ ಕಳಿಸಿದ ಜೆರಾಕ್ಸ್ ಪ್ರತಿಗಳನ್ನು. "ಅಜ್ಜನ ಕಾಗದಗಳಲ್ಲಿ ಉಳಿದದ್ದು ಇವೆರಡೇ, ವಿಶೇಷವೇನೂ ಇಲ್ಲ, ಉಳಿದವನ್ನು ಕಲ್ಪಿಸಿಕೊಂಡೆ" ಎಂದು ಬರೆದಿದ್ದೀರಿ. ಆ ಮಾತು ಓದಿ ನನಗೆ ಸಂಕಟವಾಯಿತು.

ತಪ್ಪುಗಳನ್ನು ಮೊದಲು ಹೇಳಿಬಿಡುತ್ತೇನೆ. ಡಿಸೆಂಬರ್ 3ಕ್ಕೆ ಆರಂಭವಾದ ಯುದ್ಧ ಪೂರ್ವದ ಗಡಿಯಲ್ಲಿ 16ಕ್ಕೆ, ಢಾಕಾದ ಶರಣಾಗತಿಯೊಂದಿಗೆ ಮುಗಿಯಿತು. ಅಷ್ಟು ದಿನಗಳಲ್ಲಿ ಶಂಕರಪುರದಿಂದ ಗಡಿಗೆ ಒಂದು ಕಾಗದ ಹೋಗಿ ಉತ್ತರ ಬಂದರೆ ಅದೇ ದೊಡ್ಡದು. ನಿಮ್ಮ ಪತ್ರಗಳ ವಿಳಾಸದಲ್ಲಿ ಪಿನ್‌ಕೋಡ್ ಇದೆ. ಅದು ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಮನೆಯವರು ಮಂಗಳೂರು ಆಕಾಶವಾಣಿಯ ವಾರ್ತೆ ಕೇಳುತ್ತಾರೆ. ಆ ನಿಲಯ ಶುರುವಾದದ್ದು 1976ರಲ್ಲಿ. ನಿಮ್ಮ ನಾಯಕ ತಾನಿರುವ ಊರು, ಹೊಳೆ, ಸೇತುವೆಗಳನ್ನು ಹೆಸರಿಟ್ಟು ವರ್ಣಿಸುತ್ತಾನೆ. ಸೈನಿಕ ಹಾಗೆ ಬರೆಯುವಂತಿರಲಿಲ್ಲ. ಅಜ್ಜನ ಕಾಗದವನ್ನೇ ನೋಡಿ: ಹೆಸರು, ನಂಬರು, ದಳ, 99 ಎ.ಪಿ.ಒ. (ಪೂರ್ವ ಭಾಗದ ಸೇನಾ ಅಂಚೆಯ ಗುರುತು), ಅಷ್ಟೇ. ಗಂಡ ಯಾವ ದಿಕ್ಕಿನಲ್ಲಿದ್ದಾನೆ ಎಂಬುದಕ್ಕೆ ಅಜ್ಜಿಗೆ ಸಿಕ್ಕಿದ್ದು ಆ ಎರಡಂಕಿ ಮಾತ್ರ.

ಇವನ್ನು ತಿದ್ದಿಕೊಳ್ಳಬಹುದು. ನನ್ನ ನಿಜವಾದ ತಕರಾರು ಬೇರೆ. ನಿಮ್ಮ ಸೈನಿಕ ಹೆಂಡತಿಯನ್ನು "ಪ್ರಾಣಸಖಿ" ಎಂದು ಕರೆಯುತ್ತಾನೆ. ಅಜ್ಜನ ಕಾಗದ ಆರಂಭವಾಗುವುದು "ಮಾವನವರಿಗೆ ನಮಸ್ಕಾರಗಳು, ನಾನು ಕ್ಷೇಮ" ಎಂದು. ಇದನ್ನು ನೀವು ನೀರಸ ಎಂದುಕೊಂಡಿರಿ. ಆ ಕಾಲದಲ್ಲಿ ಮನೆಗೆ ಬಂದ ಕಾಗದವನ್ನು ಜಗಲಿಯಲ್ಲಿ ಯಾರಾದರೊಬ್ಬರು ಎಲ್ಲರಿಗೂ ಕೇಳುವಂತೆ ಓದುತ್ತಿದ್ದರು, ಬಾಣಂತಿ ಒಳಕೋಣೆಯಲ್ಲಿ ಕುಳಿತು ಕೇಳಿಸಿಕೊಳ್ಳುತ್ತಿದ್ದಳು. ಇಪ್ಪತ್ತರ ಹರೆಯದ ಗಂಡ, ಮಾವ ಓದುವ ಕಾಗದದಲ್ಲಿ ಹೆಂಡತಿಗೆ ಏನು ಹೇಳಲು ಸಾಧ್ಯ?

ಹೇಳಿದ್ದಾನೆ. ಅಕ್ಟೋಬರಿನ ಕಾಗದದ ಕೊನೆಯ ಸಾಲು: "ಮಗು ಎಷ್ಟು ಉದ್ದವಿದೆ ಎಂದು ಅಳೆದು ಕಳುಹಿಸುವುದು." ನವೆಂಬರಿನದರಲ್ಲಿ: "ನಾರು ತಲುಪಿತು. ಇಷ್ಟೇ ಉದ್ದವೇ." ಅದರ ಕೆಳಗೆ, ಮಡಿಕೆಯ ಅಂಚಿನಲ್ಲಿ, ಎರಡೇ ಪದ ತುಳುವಿನಲ್ಲಿ: "ಬಾಲೆ ತೆಲಿಪುಂಡಾ?" ಮಗು ನಗುತ್ತದೆಯೇ ಎಂದು. ಮನೆಯಲ್ಲಿ ತುಳು ಆಡುತ್ತಿದ್ದವರು ಕಾಗದವನ್ನು ಶಾಲೆಯಲ್ಲಿ ಕಲಿತ ಕನ್ನಡದಲ್ಲೇ ಬರೆಯುತ್ತಿದ್ದರು. ಈ ಮನುಷ್ಯ ಅಲ್ಲಿಯವರೆಗೆ ಹಾಗೆಯೇ ಬರೆದು, ಮಗುವಿನ ನಗು ಕೇಳುವಾಗ ಮಾತ್ರ ಮನೆಮಾತಿಗೆ ಬಂದಿದ್ದಾನೆ. ಈ ಎರಡು ಪದಗಳೆದುರು ನಿಮ್ಮ ಹನ್ನೆರಡು ಪತ್ರಗಳನ್ನಿಟ್ಟು ನೀವೇ ಓದಿ ನೋಡಿ.

ಆ ನಾರು ಯಾವುದು? ಅಜ್ಜಿಯ ತವರಿನಲ್ಲಿ ಮಲ್ಲಿಗೆ ಕಟ್ಟುತ್ತಿದ್ದರೆಂದು ನೀವೇ ಬರೆದಿದ್ದೀರಿ. ಶಂಕರಪುರದ ಮಲ್ಲಿಗೆ ಕಟ್ಟುವುದು ಬಾಳೆನಾರಿನಲ್ಲಿ. ಹಾಗಾದರೆ ಒದ್ದೆ ಮಾಡಿಟ್ಟ ನಾರಿನ ಕಟ್ಟಿನಿಂದ ಒಂದನ್ನು ಎಳೆದು, ನೆತ್ತಿಯಿಂದ ಹಿಮ್ಮಡಿಯವರೆಗೆ ಮಗುವಿನ ಮೈಗೆ ಹಿಡಿದು ಹರಿದರೇ? ಮಗು ಕಾಲು ಮಡಚಿಕೊಳ್ಳುವುದಿಲ್ಲವೇ, ಯಾರು ಹಿಡಿದುಕೊಂಡರು? ಇನ್‌ಲ್ಯಾಂಡ್ ಕಾಗದದೊಳಗೆ ಏನನ್ನೂ ಇಡಬಾರದೆಂದು ಅದರ ಮೇಲೆಯೇ ಅಚ್ಚಾಗಿರುತ್ತದೆ; ಕವರು ಬೇಕು. ಹೊಸಿಲು ದಾಟದ ಬಾಣಂತಿ ಯಾರನ್ನು ಅಂಚೆ ಕಚೇರಿಗೆ ಕಳಿಸಿದರು, ಅಪ್ಪನಿಗೆ ಏನೆಂದು ಹೇಳಿದರು? ನವೆಂಬರಿನ ಆ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಯುದ್ಧಕ್ಕೆ ಮೊದಲು ತಲುಪಿತೇ?

ಇನ್ನೊಂದು ಮಾತು. ನಿಮ್ಮ ಅಜ್ಜ ಮರಳಿ ಬಂದರು, ಪೆನ್ಶನ್ ಪಡೆದರು, ಮೊಮ್ಮಕ್ಕಳನ್ನು ಎತ್ತಿ ಆಡಿಸಿದರು. ಕಥೆಯಲ್ಲಿ ಅವರನ್ನು ಏಕೆ ಕೊಂದಿರಿ? ಓದುಗರು ಅಳಲಿ ಎಂದಾದರೆ ಅದು ನನಗೆ ಒಪ್ಪಿಗೆಯಿಲ್ಲ. ಬದುಕಿ ಬಂದವನು ತಾನು ನಾರಿನಷ್ಟುದ್ದ ಎಂದುಕೊಂಡಿದ್ದ ಮಗುವನ್ನು ಮೊದಲ ಸಲ ಎತ್ತಿಕೊಂಡಾಗ, ಅದು ಅಷ್ಟರಲ್ಲಿ ಎಷ್ಟು ಬೆಳೆದಿತ್ತು? ಅವನ ಮುಖ ನೋಡಿ ಅತ್ತಿರಲೂ ಬಹುದು. ಆ ಮಗು ನಿಮ್ಮ ತಾಯಿ. ಅವರಿಗೆ ನೆನಪಿರುವುದಿಲ್ಲ, ಅಜ್ಜಿಗೆ ಇರುತ್ತದೆ.

ಅಜ್ಜಿ ಈಗ ಮಂಗಳೂರಿನಲ್ಲಿ ನಿಮ್ಮ ಜೊತೆಗೇ ಇದ್ದಾರೆಂದು ಬರೆದಿದ್ದೀರಿ. ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳುವ ಅವಸರ ಬೇಡ. ಅವರು ಹೂವು ಕಟ್ಟುವಾಗ ಪಕ್ಕದಲ್ಲಿ ಕುಳಿತು, ತುಳುವಿನಲ್ಲೇ ಕೇಳಿ. ಆ ನಾರು ವಾಪಸು ಬಂತೇ ಎಂಬುದನ್ನೂ ಕೇಳಿ. ಕಥೆಯಾಗಿ ಬೇಡ, ನಡೆದದ್ದನ್ನು ನಡೆದ ಹಾಗೆ ಬರೆದು ನನ್ನ ಹೆಸರಿಗೇ ಕಳಿಸಿ. ಜೆರಾಕ್ಸ್ ಪ್ರತಿಗಳನ್ನು ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ. ಮೂಲ ಕಾಗದಗಳ ಮಡಿಕೆ ಹರಿಯುತ್ತಿರುವಂತೆ ಕಾಣುತ್ತದೆ, ಅವನ್ನು ಬಿಡಿಸಿ ಚಪ್ಪಟೆಯಾಗಿಡಿ. ಸೆಲ್ಲೋಟೇಪ್ ಮಾತ್ರ ಅಂಟಿಸಬೇಡಿ.

ವಿಶ್ವಾಸದಿಂದ,
ಸಂಪಾದಕ